ತೆರೆಮರೆಯ ಸಂಘಟಕ ಬೇಯಾರ್ಡ್ ರಸ್ಟಿನ್

1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದೆದುರು ಸುಮಾರು ಎರಡೂವರೆ ಲಕ್ಷ ಜನ ಸೇರಿದ್ದರು. ಅಂದು ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಭಾಷಣ ಜಗತ್ತಿಗೆಲ್ಲ ಗೊತ್ತು. ಆದರೆ ಬಸ್ಸು, ರೈಲುಗಳಿಂದ ಹಿಡಿದು ಕುಡಿಯುವ ನೀರು, ಶೌಚಾಲಯಗಳವರೆಗೆ ಲೆಕ್ಕ ಹಾಕಿ, ಎರಡೇ ತಿಂಗಳಲ್ಲಿ ಆ ಜನಸಾಗರವನ್ನು ಸಂಘಟಿಸಿದ ಬೇಯಾರ್ಡ್ ರಸ್ಟಿನ್ ಅವರನ್ನು ಬಲ್ಲವರು ವಿರಳ.

1912ರ ಮಾರ್ಚ್ 17ರಂದು ಪೆನ್ಸಿಲ್ವೇನಿಯಾದ ವೆಸ್ಟ್ ಚೆಸ್ಟರ್‌ನಲ್ಲಿ ಹುಟ್ಟಿದ ಈ ಕಪ್ಪುವರ್ಣೀಯ ಯುವಕ ಅಜ್ಜ-ಅಜ್ಜಿಯರ ಆಸರೆಯಲ್ಲಿ ಬೆಳೆದರು. ಎರಡನೇ ಮಹಾಯುದ್ಧದಲ್ಲಿ ಸೇನೆ ಸೇರಲೊಪ್ಪದೆ ಎರಡು ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿದ್ದರು. ಗಾಂಧೀಜಿಯವರ ಹತ್ಯೆಯಾದ 1948ರಲ್ಲಿ ಭಾರತಕ್ಕೆ ಬಂದು ಅವರ ಅನುಯಾಯಿಗಳನ್ನು ಕಂಡರು. ಬಸ್ಸಿನಲ್ಲಿ ವರ್ಣಭೇದವನ್ನು ಧಿಕ್ಕರಿಸಿದ ತಪ್ಪಿಗೆ ಮರುವರ್ಷ 22 ದಿನ ಸರಪಳಿ ಕೈದಿಗಳ ತಂಡದಲ್ಲಿ ದುಡಿದರು.

ಇಂಥ ಶಿಕ್ಷೆಗಳೆಲ್ಲ ಹೋರಾಟಗಾರನಿಗೆ ಭೂಷಣವೇ. 1953ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಸಲಿಂಗ ಸಂಬಂಧದ ಕಾರಣಕ್ಕೆ ಆದ ಬಂಧನ ಮಾತ್ರ ಕಳಂಕವೆನಿಸಿತು. ಶಾಂತಿ ಸಂಘಟನೆಯಲ್ಲಿದ್ದ ಕೆಲಸ ಹೋಯಿತು. (ನಮ್ಮಲ್ಲಿ 377ನೇ ಕಲಮಿನ ಬೆದರಿಕೆ ಅಂತಿಮವಾಗಿ ತೊಲಗಿದ್ದು 2018ರಲ್ಲಿ ಎಂಬುದನ್ನು ನೆನೆದರೆ ಇದು ದೂರದ ಕಥೆಯಲ್ಲ.) 1956ರ ಮಾಂಟ್‌ಗೊಮರಿ ಬಸ್ ಬಹಿಷ್ಕಾರದ ವೇಳೆ ಕಿಂಗ್ ಅವರಿಗೆ ಅಹಿಂಸೆಯ ವರಸೆಗಳನ್ನು ಹೇಳಿಕೊಟ್ಟವರು ರಸ್ಟಿನ್. ಇಬ್ಬರ ನಡುವೆ ಇಲ್ಲದ ಸಂಬಂಧ ಕಟ್ಟಿ ಹಬ್ಬಿಸುವುದಾಗಿ 1960ರಲ್ಲಿ ಸಂಸದರೊಬ್ಬರು ಬೆದರಿಸಿದಾಗ, ಕಿಂಗ್ ಅವರೇ ದೂರ ಸರಿದರು.

ಕೈಬಿಡದೆ ಉಳಿದವರು ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್. ರೈಲ್ವೆಯ ಕಪ್ಪು ಪರಿಚಾರಕರ ಸಂಘವನ್ನು 1925ರಲ್ಲಿ ಕಟ್ಟಿದ್ದ ಅವರು, 1963ರಲ್ಲಿ ಇತರ ಮುಖಂಡರು ರಸ್ಟಿನ್ ಬೇಡವೆಂದಾಗ ತಾವೇ ನಿರ್ದೇಶಕರಾಗಿ, ಉಪನಿರ್ದೇಶಕರಾಗಿ ರಸ್ಟಿನ್‌ರನ್ನೇ ನೇಮಿಸಿಕೊಂಡರು. ಮೆರವಣಿಗೆಗೆ ಕೆಲವೇ ದಿನವಿದ್ದಾಗ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಹಳೆಯ ಬಂಧನದ ಕಡತವನ್ನು ಸದನದಲ್ಲಿ ಬಿಚ್ಚಿಟ್ಟರೂ ರಾಂಡಾಲ್ಫ್ ಕದಲಲಿಲ್ಲ. 1965ರಲ್ಲಿ ರಾಂಡಾಲ್ಫ್ ಹೆಸರಿನ ಸಂಸ್ಥೆಯ ಸಾರಥ್ಯ ವಹಿಸಿದ ರಸ್ಟಿನ್, ಕಪ್ಪು ಜನರನ್ನೂ ಕಾರ್ಮಿಕ ಸಂಘಗಳನ್ನೂ ಬೆಸೆಯಲು ಮುಂದಾದರು. ಸಂಘಗಳ ನಾಯಕತ್ವಕ್ಕೆ ಅತಿಯಾಗಿ ಹತ್ತಿರವಾದರೆಂಬ ಹಳೆಯ ಗೆಳೆಯರ ದೂರು ಪೂರ್ತಿ ಸುಳ್ಳಲ್ಲ.

ಸಲಿಂಗಿಗಳ ಹಕ್ಕಿಗಾಗಿ ಅವರು ಬಹಿರಂಗವಾಗಿ ದನಿಯೆತ್ತಿದ್ದು ಬದುಕಿನ ಸಂಜೆಯಲ್ಲಿ. 1977ರಲ್ಲಿ ಪರಿಚಯವಾದ ವಾಲ್ಟರ್ ನೀಗಲ್ ಅವರೊಂದಿಗೆ ವಿವಾಹಕ್ಕೆ ಕಾನೂನಿನ ಅವಕಾಶವಿರಲಿಲ್ಲ. ಹಾಗಾಗಿ 1982ರಲ್ಲಿ ಸಂಗಾತಿಯನ್ನೇ ದತ್ತು ಪಡೆದರು. 1986ರಲ್ಲಿ ನ್ಯೂಯಾರ್ಕ್ ನಗರದ ಸಲಿಂಗಿ ಹಕ್ಕುಗಳ ಮಸೂದೆಯ ಪರವಾಗಿ ಸಾಕ್ಷ್ಯ ನುಡಿದರು. ಮಸೂದೆ ಅಂಗೀಕಾರವಾಯಿತು. 1987ರ ಆಗಸ್ಟ್ 24ರಂದು ನ್ಯೂಯಾರ್ಕಿನಲ್ಲಿ ನಿಧನರಾದರು.

2013ರಲ್ಲಿ ಅಧ್ಯಕ್ಷ ಒಬಾಮ ನೀಡಿದ ಮರಣೋತ್ತರ ಸ್ವಾತಂತ್ರ್ಯ ಪದಕವನ್ನು ನೀಗಲ್ ಸ್ವೀಕರಿಸಿದರು. ಪ್ಯಾಸಡೀನಾ ಪ್ರಕರಣಕ್ಕೆ ಕ್ಯಾಲಿಫೋರ್ನಿಯಾದ ಗವರ್ನರ್ ಕ್ಷಮಾದಾನ ಘೋಷಿಸಿದ್ದು 2020ರಲ್ಲಿ, ಬಂಧನವಾಗಿ 67 ವರ್ಷಗಳ ನಂತರ.