ಗುಸ್ತಾವ್ ತ್ರೂವೆ

ವಿದ್ಯುತ್ ವಾಹನದ ಆದ್ಯರಲ್ಲಿ ಒಬ್ಬನಾದ ಗುಸ್ತಾವ್ ತ್ರೂವೆ 1839ರಲ್ಲಿ ಫ್ರಾನ್ಸಿನ ಸಣ್ಣ ಊರೊಂದರಲ್ಲಿ ಜನಿಸಿದನು. ಗಡಿಯಾರದ ಕೆಲಸದಲ್ಲಿ ಪಳಗಿದ ಆತನು ಪ್ಯಾರಿಸ್ ನಗರದಲ್ಲಿ ಕಾರ್ಯಾಗಾರವನ್ನು ತೆರೆದು, ವಿದ್ಯುತ್ತಿನ ಸಣ್ಣ ಯಂತ್ರಗಳ ರಚನೆಯಲ್ಲಿ ನಿರತನಾದನು.

ಆತನ ನಾಡಿನವನೇ ಆದ ಪ್ಲಾಂಟೆ 1859ರಲ್ಲಿ, ಬರಿದಾದ ಮೇಲೆ ಮತ್ತೆ ವಿದ್ಯುತ್ತನ್ನು ತುಂಬಬಹುದಾದ ಸೀಸದ ಬ್ಯಾಟರಿಯನ್ನು ಕಂಡುಹಿಡಿದಿದ್ದನು. ತ್ರೂವೆ 1881ರಲ್ಲಿ, ಕಾಲಿನಿಂದ ತುಳಿದು ನಡೆಸುವ ಮೂರು ಗಾಲಿಯ ಸೈಕಲ್ಲಿಗೆ ಅಂತಹ ಬ್ಯಾಟರಿಗಳನ್ನೂ ತಾನು ಸುಧಾರಿಸಿದ ವಿದ್ಯುತ್ ಮೋಟಾರನ್ನೂ ಅಳವಡಿಸಿದನು. ಕುದುರೆಯಿಲ್ಲದೆ, ಹೊಗೆಯಿಲ್ಲದೆ ಆ ಬಂಡಿ ಪ್ಯಾರಿಸ್ಸಿನ ಬೀದಿಯಲ್ಲಿ ಸಾಗಿತು. ಅದೇ ವರ್ಷ ಆತನು ಸೇನ್ ನದಿಯಲ್ಲಿ ವಿದ್ಯುತ್ ದೋಣಿಯನ್ನೂ ನಡೆಸಿದನು.

1902ರಲ್ಲಿ ಕೈಗಾದ ಗಾಯ ನಂಜೇರಿ ತ್ರೂವೆ ಮಡಿದನು. ಅವಿವಾಹಿತನಾದ ಆತನ ಸಮಾಧಿಯೂ ನೋಡಿಕೊಳ್ಳುವವರಿಲ್ಲದೆ ಅಳಿಯಿತು. ಆದರೆ ಇಂದು ಸೈಕಲ್ಲಿಗೆ ಬ್ಯಾಟರಿಯನ್ನು ಕಟ್ಟಿ ಏರುದಾರಿಯನ್ನು ಹತ್ತುವವರೆಲ್ಲ ಆತನ ಹಾದಿಯಲ್ಲೇ ಸಾಗುತ್ತಿದ್ದಾರೆ.