ಆಲ್ಫ್ರೆಡ್ ಡ್ರೇಫಸನ ಚರಿತ್ರೆ

ಮಟ್ಟುವಿನ ಕಡೆಯಿಂದ ಬರುವ ನಿಮಗೆ ಸಮುದ್ರವು ನಿತ್ಯದ ನೋಟವಾಗಿದೆ. ಸುತ್ತಲೂ ಸಮುದ್ರವೇ ಇದ್ದ ದ್ವೀಪದಲ್ಲಿ ಸೆರೆಯಲ್ಲಿದ್ದು, ಆ ಸಮುದ್ರವೂ ಕಾಣದಂತೆ ಬೇಲಿಯೊಳಗೆ ಇಡಲ್ಪಟ್ಟ ಒಬ್ಬ ನಿರಪರಾಧಿಯ ವೃತ್ತಾಂತವನ್ನು ಇಲ್ಲಿ ಬರೆಯುತ್ತೇನೆ.

ಆಲ್ಫ್ರೆಡ್ ಡ್ರೇಫಸನು 1859ನೆಯ ಇಸವಿ ಅಕ್ಟೋಬರ 9ರಂದು ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಮ್ಯುಲೂಸ್ ಪಟ್ಟಣದಲ್ಲಿ, ಬಟ್ಟೆಯ ಕಾರಖಾನೆಯುಳ್ಳ ಯೆಹೂದ್ಯ ಕುಟುಂಬದಲ್ಲಿ ಜನಿಸಿದನು. 1871ರಲ್ಲಿ ಆ ಪ್ರಾಂತ್ಯವು ಜರ್ಮನರ ವಶವಾಯಿತು. ಡ್ರೇಫಸನು ಫ್ರಾನ್ಸಿನ ಪ್ರಜೆಯಾಗಿಯೇ ಉಳಿದು, ಸೈನ್ಯವನ್ನು ಸೇರಿ, ಕ್ಯಾಪ್ಟನ್ ಪದವಿಗೇರಿದನು. 1890ರಲ್ಲಿ ಲೂಸಿ ಎಂಬಾಕೆಯನ್ನು ವಿವಾಹವಾದನು.

1894ರಲ್ಲಿ ಪ್ಯಾರಿಸಿನ ಜರ್ಮನ್ ರಾಯಭಾರಿಯ ಕಚೇರಿಯಿಂದ ಒಂದು ಹರಕು ಕಾಗದವು ಫ್ರೆಂಚ್ ಅಧಿಕಾರಿಗಳ ಕೈಸೇರಿತು. ಅದರಲ್ಲಿ ಯಾರೋ ಮಾರಿದ ಸೈನ್ಯರಹಸ್ಯಗಳ ಪಟ್ಟಿಯಿತ್ತು. ರುಜುವಿರಲಿಲ್ಲ, ತಾರೀಕೂ ಇರಲಿಲ್ಲ. ಬರಹವು ಡ್ರೇಫಸನ ಅಕ್ಷರಗಳನ್ನು ಹೋಲುತ್ತಿತ್ತು. ಒಂದೇ ಕಾಪಿಪುಸ್ತಕವನ್ನು ನೋಡಿ ಬರೆದ ಬಾಲಿಕೆಯರ ಅಕ್ಷರಗಳು ಎಷ್ಟು ಹೋಲುತ್ತವೆಂಬುದನ್ನು ಉಪಾಧ್ಯಾಯಿನಿಯರಾದ ನಾವು ಬಲ್ಲೆವು. ಅಕ್ಷರ ಪರೀಕ್ಷಕರಲ್ಲಿಯೇ ಒಮ್ಮತವಿರಲಿಲ್ಲ. ಬೆರ್ತಿಯೋಂ ಎಂಬ ಪರೀಕ್ಷಕನಾದರೋ, ಹೋಲುವ ಅಕ್ಷರಗಳು ಡ್ರೇಫಸನವೆಂದೂ, ಹೋಲದವುಗಳನ್ನು ಅವನೇ ಬೇಕೆಂದು ಬದಲಾಯಿಸಿದನೆಂದೂ ವಾದಿಸಿದನು. ಇಂಥ ತರ್ಕದಿಂದ ಯಾರು ತಾನೇ ಪಾರಾದಾರು! ಅವನು ಯೆಹೂದ್ಯನೆಂಬುದೇ ಅನೇಕರಿಗೆ ಸಾಕ್ಷ್ಯವಾಯಿತು. ಯೆಹೂದ್ಯದ್ವೇಷಿ ಪತ್ರಿಕೆಗಳು ವಿಚಾರಣೆಗೆ ಮುಂಚೆಯೇ ಅವನನ್ನು ದ್ರೋಹಿಯೆಂದು ಸಾರಿದವು. ಸೈನಿಕ ನ್ಯಾಯಸ್ಥಾನವು ಬಾಗಿಲು ಮುಚ್ಚಿ ವಿಚಾರಿಸಿತು. ಆಪಾದಿತನಿಗೂ ಅವನ ವಕೀಲನಿಗೂ ತೋರಿಸದ ಕಾಗದಗಳ ಕಟ್ಟನ್ನು ನ್ಯಾಯಾಧಿಪತಿಗಳಿಗೆ ಗುಟ್ಟಾಗಿ ಒಪ್ಪಿಸಲಾಯಿತು. ಯಾವಜ್ಜೀವ ದ್ವೀಪಾಂತರ ಶಿಕ್ಷೆಯಾಯಿತು.

1895ನೆಯ ಜನವರಿ 5ರಂದು ಸೈನಿಕರ ಸಮಕ್ಷಮದಲ್ಲಿ ಅವನ ಬಿರುದುಗಳನ್ನು ಕಿತ್ತು, ಖಡ್ಗವನ್ನು ಮುರಿದರು. ಹೊರಗೆ ಜನಸಮೂಹವು ಅವನ ಮರಣವನ್ನು ಬೇಡಿ ಕೂಗುತ್ತಿತ್ತು; ಅವನು ತಾನು ನಿರಪರಾಧಿಯೆಂದು ಕೂಗುತ್ತಲೇ ನಡೆದನು. ಅನಂತರ ದಕ್ಷಿಣ ಅಮೇರಿಕದ ತೀರದಾಚೆಯ ದೆವ್ವದ ದ್ವೀಪದಲ್ಲಿ ನಾಲ್ಕು ವರ್ಷಕ್ಕೂ ಮಿಕ್ಕಿ ಏಕಾಂಗಿಯಾಗಿ ಇಡಲ್ಪಟ್ಟನು. 1896ರಲ್ಲಿ ಅವನು ಪಲಾಯನ ಮಾಡಿದನೆಂಬ ಸುಳ್ಳುಸುದ್ದಿ ಹಬ್ಬಲು, ರಾತ್ರಿಯಲ್ಲಿ ಕಾಲುಗಳನ್ನು ಮಂಚಕ್ಕೆ ಬಿಗಿದು, ಗುಡಿಸಲ ಸುತ್ತ ಎತ್ತರದ ಬೇಲಿಯನ್ನೆಬ್ಬಿಸಿದರು. ಲೂಸಿಯು ಅಲ್ಲಿಗೇ ಹೋಗಿ ಪತಿಯೊಡನೆ ಇರಲು ಅಪ್ಪಣೆ ಬೇಡಿದಳು, ಸಿಕ್ಕಲಿಲ್ಲ. ಒಂದು ಕಾಲದಲ್ಲಿ ಆಕೆಯ ಪತ್ರಗಳನ್ನು ಸಹ ಅನ್ಯರ ಕೈಯಿಂದ ನಕಲು ಮಾಡಿಸಿಯೇ ಅವನಿಗೆ ಕೊಡುತ್ತಿದ್ದರು.

ಅದೇ ವರ್ಷ ಪಿಕಾರ್ ಎಂಬ ಅಧಿಕಾರಿಯು ಆ ಕಾಗದದ ಬರಹವು ಎಸ್ಟರ್‌ಹಾಜಿ ಎಂಬ ಮತ್ತೊಬ್ಬ ಅಧಿಕಾರಿಯದೆಂದು ಕಂಡುಹಿಡಿದನು. ಮೇಲಧಿಕಾರಿಗಳು ತಪ್ಪನ್ನೊಪ್ಪದೆ ಪಿಕಾರನನ್ನೇ ದೂರದೇಶಕ್ಕೆ ಕಳುಹಿಸಿದರು. 1898ರ ಜನವರಿಯಲ್ಲಿ ಎಸ್ಟರ್‌ಹಾಜಿಯು ಬಿಡುಗಡೆ ಹೊಂದಿದನು. ಇದನ್ನು ಖಂಡಿಸಿ ಬರೆದ ಗ್ರಂಥಕರ್ತ ಎಮಿಲ್ ಜೋಲಾನಿಗೆ ಶಿಕ್ಷೆಯಾಯಿತು. ಅದೇ ಆಗಸ್ಟಿನಲ್ಲಿ, ಡ್ರೇಫಸನಿಗೆ ವಿರೋಧವಾಗಿ ತೋರಿಸಲ್ಪಟ್ಟ ಒಂದು ಪತ್ರವು ಕೂಟಲೇಖವೆಂದು ಬಯಲಾಯಿತು. ಆದರೂ 1899ರ ಪುನರ್ವಿಚಾರಣೆಯಲ್ಲಿ ಅವನು ಪುನಃ ದೋಷಿಯೆನಿಸಿದನು. ಕೆಲವೇ ದಿನಗಳಲ್ಲಿ ಕ್ಷಮಾದಾನ ದೊರೆಯಿತು. ಮಾಡದ ಅಪರಾಧಕ್ಕೆ ಕ್ಷಮೆಯನ್ನು ಸ್ವೀಕರಿಸುವುದೂ ಒಂದು ಸಂಕಟವೇ. 1906ನೆಯ ಜುಲೈ 12ರಂದು ಆ ತೀರ್ಪು ರದ್ದಾಗಿ, ಅವನು ನಿರ್ದೋಷಿಯೆಂದು ಸ್ಥಿರಪಟ್ಟಿತು.

ಡ್ರೇಫಸನು ಸೈನ್ಯಕ್ಕೆ ಮರಳಿದನು. ಮೊದಲನೆಯ ಮಹಾಯುದ್ಧದಲ್ಲಿಯೂ ದೇಶಸೇವೆ ಮಾಡಿದನು. 1935ನೆಯ ಜುಲೈ 12ರಂದು ಪ್ಯಾರಿಸಿನಲ್ಲಿ ತೀರಿಕೊಂಡನು. ಎರಡನೆಯ ಮಹಾಯುದ್ಧದಲ್ಲಿ ಯೆಹೂದ್ಯರನ್ನು ಹುಡುಕಿ ಹಿಡಿಯುತ್ತಿದ್ದಾಗ, ವೃದ್ಧೆಯಾದ ಲೂಸಿಯು ಬೇರೊಂದು ಹೆಸರಿನಿಂದ ಕ್ರೈಸ್ತ ಸಂನ್ಯಾಸಿನಿಯರ ಕಾನ್ವೆಂಟಿನಲ್ಲಿ ಅಡಗಿದ್ದು ಉಳಿದಳು. ಆಕೆಯು 1945ರಲ್ಲಿ ನಿಧನ ಹೊಂದಿದಳು.