ಹತ್ತೊಂಬತ್ತನೇ ಸ್ಥಾನದ ಹಿಂದೆ ಒಬ್ಬರಿದ್ದರು

ಹೋದ ಸಲದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಲಿಖಿತ ಪರೀಕ್ಷೆ ದಾಟಿದ್ದ ನಾನು ಓಟದಲ್ಲಿ ಹೊರಬಿದ್ದೆ. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕಿತ್ತು. ನನಗೆ 9 ಸೆಕೆಂಡು ಹೆಚ್ಚು ಹಿಡಿಯಿತು. ನಮ್ಮೂರು ಚಿಗಟೇರಿ. ನಾರದಮುನಿಯ ಗುಡಿ ಇರುವ ಊರು. ಮೂರು ಲೋಕ ಸುತ್ತುವವನ ಊರಿನವನು ಮೈದಾನದ ನಾಲ್ಕು ಸುತ್ತು ಓಡಲಾರದೆ ಬಂದ ಎಂದು ಗೆಳೆಯರು ನಗಾಡಿದರು. ನಾನೂ ಅವರ ಜೊತೆ ನಕ್ಕೆ. ಆದರೆ ಧಾರವಾಡದ ಕೋಚಿಂಗಿಗೆಂದು ಅಡವಿಟ್ಟಿದ್ದ ಅವ್ವನ ಬೆಂಡೋಲೆ ಇನ್ನೂ ಬ್ಯಾಂಕಿನಲ್ಲೇ ಇತ್ತು. ಅದು ನೆನಪಾದಾಗಲೆಲ್ಲ ನಗು ನಿಲ್ಲುತ್ತಿತ್ತು.

ಎರಡು ತಿಂಗಳು ಬೂಟು ಮುಟ್ಟಲಿಲ್ಲ. ಹರಪನಹಳ್ಳಿಯ ಗ್ರಂಥಾಲಯಕ್ಕೆ ಹೋಗಿ ಬೇರೆ ಪರೀಕ್ಷೆಗಳಿಗೆ ಓದತೊಡಗಿದೆ. ಹಳೆಯ ಪ್ರಶ್ನೆಪತ್ರಿಕೆಯೊಂದರಲ್ಲಿ ಒಂದು ಅಂಕದ ಪ್ರಶ್ನೆ ಸಿಕ್ಕಿತು. ಭಾರತೀಯ ಒಲಿಂಪಿಕ್ ಸಂಸ್ಥೆಯ ಮೊದಲ ಅಧ್ಯಕ್ಷರು ಯಾರು? ಉತ್ತರ: ಸರ್ ದೊರಾಬ್ಜಿ ಟಾಟಾ. ಟಾಟಾ ಎಂದರೆ ನಮಗೆ ಉಪ್ಪಿನ ಪೊಟ್ಟಣ, ಮೆಕ್ಕೆಜೋಳ ಹೇರುವ ಟಾಟಾ ಏಸ್. ಉಕ್ಕು ಮಾಡುವವರಿಗೆ ಓಟದ ಉಸಾಬರಿ ಯಾಕೆ ಬಂತು ಎಂಬ ಕುತೂಹಲದಿಂದ ಅವರ ಬದುಕನ್ನು ಹುಡುಕಿ ಓದಿದೆ.

ದೊರಾಬ್ಜಿ ಹುಟ್ಟಿದ್ದು 1859ರ ಆಗಸ್ಟ್ 27ರಂದು, ಮುಂಬೈಯಲ್ಲಿ. ಜಮ್‌ಶೆಟ್‌ಜಿ ಟಾಟಾ ಅವರ ಹಿರಿಯ ಮಗ. ಕೇಂಬ್ರಿಜ್‌ನಲ್ಲಿ ಎರಡು ವರ್ಷ ಓದಿ, ಕ್ರಿಕೆಟ್, ಫುಟ್‌ಬಾಲ್ ಆಡಿ, ಊರಿಗೆ ಮರಳಿ 1882ರಲ್ಲಿ ಪದವಿ ಪಡೆದರು. ನೇರ ಅಪ್ಪನ ಕುರ್ಚಿಯಲ್ಲಿ ಕೂರಲಿಲ್ಲ. ಎರಡು ವರ್ಷ ಬಾಂಬೆ ಗೆಜೆಟ್ ಪತ್ರಿಕೆಯಲ್ಲಿ ಕೆಲಸ ಮಾಡಿ, ಆಮೇಲೆ ಅಪ್ಪನ ಹತ್ತಿ ವ್ಯವಹಾರಕ್ಕೆ ಸೇರಿದರು.

ಇಷ್ಟು ಓದಿದಾಗ ನಿಜ ಹೇಳಬೇಕೆಂದರೆ ನನಗೆ ಸಿಟ್ಟೇ ಬಂದಿತ್ತು. ಹುಟ್ಟು ಶ್ರೀಮಂತನ ಕಥೆಯಿಂದ ನಮ್ಮಂಥವರು ಕಲಿಯುವುದೇನು ಎನಿಸಿತು. ಪುಸ್ತಕ ಮುಚ್ಚದಂತೆ ತಡೆದದ್ದು ಎರಡು ಸಂಗತಿ. ಒಂದು, ಅವರು ನಮ್ಮ ನಾಡಿನ ಅಳಿಯ. ಪತ್ನಿ ಮೆಹರ್‌ಬಾಯಿಯ ತಂದೆ ಹೋರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ದೊಡ್ಡ ಅಧಿಕಾರಿಯಾಗಿದ್ದರು. ಮದುವೆ ನಡೆದದ್ದು 1898ರಲ್ಲಿ. ಸೀರೆ ಉಟ್ಟೇ ಟೆನಿಸ್ ಆಡುತ್ತಿದ್ದ ದಿಟ್ಟೆ ಆಕೆ.

ಎರಡನೆಯದು ಕಾಯುವ ಕಥೆ. 1904ರಲ್ಲಿ ಜಮ್‌ಶೆಟ್‌ಜಿ ತೀರಿಕೊಂಡಾಗ ಉಕ್ಕಿನ ಕಾರ್ಖಾನೆ, ನೀರಿನಿಂದ ವಿದ್ಯುತ್, ಬೆಂಗಳೂರಿನ ವಿಜ್ಞಾನ ಸಂಸ್ಥೆ ಮೂರೂ ಕಾಗದದ ಮೇಲಿದ್ದವು. ದೊರಾಬ್ಜಿ ಎತ್ತಿನ ಗಾಡಿಯಲ್ಲಿ ಕಾಡು ಸುತ್ತಿ ಕಬ್ಬಿಣದ ಅದಿರು ಹುಡುಕಿದರು. ಚಾಂದಾ ಸೀಮೆಯಲ್ಲಿ ಬೇಕಾದಷ್ಟು ಸಿಗಲಿಲ್ಲ. ಹುಡುಕಾಟ ಕೈಬಿಡುತ್ತೇವೆ ಎಂದು ತಿಳಿಸಲು ನಾಗಪುರದಲ್ಲಿ ಅಧಿಕಾರಿಯ ಭೇಟಿಗೆ ಹೋದರು. ಸಾಹೇಬರು ಇರಲಿಲ್ಲ. ಹೊತ್ತು ಕಳೆಯಲು ಎದುರಿನ ವಸ್ತುಸಂಗ್ರಹಾಲಯಕ್ಕೆ ಹೊಕ್ಕರೆ, ಅಲ್ಲಿ ತೂಗುಹಾಕಿದ್ದ ಭೂವಿಜ್ಞಾನದ ನಕ್ಷೆಯಲ್ಲಿ ದುರ್ಗ್ ಜಿಲ್ಲೆಯ ಅದಿರಿನ ಗುರುತು ಕಂಡಿತು. ಹುಡುಕಾಟ ಮತ್ತೆ ಶುರುವಾಗಿ ಕೊನೆಗೆ ಮಯೂರ್‌ಭಂಜ್‌ನ ಅದಿರಿನವರೆಗೆ ಮುಟ್ಟಿತು. ಲಂಡನ್ನಿನ ಹಣವಂತರು ಕೈಯಾಡಿಸಿದಾಗ, 1907ರಲ್ಲಿ ಭಾರತೀಯರನ್ನೇ ಕೇಳಿದರು. ಮೂರು ವಾರದಲ್ಲಿ ಸುಮಾರು 8,000 ಜನ ಬಂಡವಾಳ ಹಾಕಿದರು. 1912ರಲ್ಲಿ ಉಕ್ಕು ಬಂತು. ಅಷ್ಟರಲ್ಲಿ ಬೆಂಗಳೂರಿನ ಸಂಸ್ಥೆಯೂ ನಿಂತಿತ್ತು. ಅಧಿಕಾರಿಯ ಕಚೇರಿ ಮುಂದೆ ಕಾಯುವುದು ನಮಗೆ ಹೊಸದಲ್ಲ. ಕಾಯುವಾಗ ಗೋಡೆಯ ಕಡೆ ಕಣ್ಣು ಹಾಯಿಸಬೇಕೆಂಬುದು ನನಗೆ ಹೊಸದು.

ಈಗ ಓಟಕ್ಕೆ ಬರುತ್ತೇನೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾ ಕ್ರೀಡಾಕೂಟ ನಡೆಯಿತು. ಅದರ ಅಧ್ಯಕ್ಷರಾಗಿದ್ದ ದೊರಾಬ್ಜಿಗೆ ಆಗ ಅರವತ್ತರ ಆಸುಪಾಸು. ದೂರದ ಓಟಕ್ಕೆ ಬಂದವರಲ್ಲಿ ಹೆಚ್ಚಿನವರು ರೈತರ ಮಕ್ಕಳು. ಬರಿಗಾಲು, ತರಬೇತಿ ಇಲ್ಲ, ಅಂಕಣವೂ ಸರಿಯಿಲ್ಲ. ನೋಡಲು ಬಂದ ಉಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗಿರಬಹುದು. ದೊರಾಬ್ಜಿ ಅವರ ಸಮಯ ನೋಡಿದರು. ಯುರೋಪಿನ ಓಟಗಾರರ ಸಮಯಕ್ಕೆ ಅದು ಬಹಳ ದೂರವಿರಲಿಲ್ಲ. ಮುಂಬೈ ಗವರ್ನರ್ ಜಾರ್ಜ್ ಲಾಯ್ಡ್ ಅವರ ನೆರವು ಕೇಳಿದರು, ಒಲಿಂಪಿಕ್ ಸಮಿತಿಯ ಒಪ್ಪಿಗೆ ಪಡೆದರು, ಖರ್ಚಿಗೆ ಸ್ವಂತ ಹಣವನ್ನೂ ಹಾಕಿದರು. ಆಯ್ಕೆ ಸಮಿತಿಯ ಹಿರಿಯರೊಬ್ಬರಿಗೆ 100 ಗಜದ ಓಟ ಸೆಕೆಂಡುಗಳಲ್ಲಿ ಮುಗಿಯುತ್ತದೆ ಎಂಬುದೇ ತಿಳಿದಿರಲಿಲ್ಲವಂತೆ; ಒಂದೆರಡು ನಿಮಿಷ ಬೇಕೆಂದುಕೊಂಡಿದ್ದರಂತೆ. ಅಂಥ ಕಾಲದಲ್ಲಿ ಕೆಲವು ಓಟಗಾರರು ಮತ್ತು ಇಬ್ಬರು ಕುಸ್ತಿಪಟುಗಳು ಮುಂಬೈಯಿಂದ ಹಡಗು ಹತ್ತಿದರು. 1920ರ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೊರಟ ಭಾರತದ ಮೊದಲ ತಂಡ ಅದು.

ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಆಂಟ್‌ವರ್ಪ್‌ನ ಮ್ಯಾರಥಾನ್ 42.75 ಕಿಲೋಮೀಟರ್, ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ್ದು. ಆಗಸ್ಟ್ 22ರಂದು ಮಳೆಯಲ್ಲಿ ಓಟ ನಡೆಯಿತು. ಫಿನ್ಲೆಂಡಿನ ಹಾನೆಸ್ ಕೋಲೆಮೈನೆನ್ 2 ಗಂಟೆ 32 ನಿಮಿಷದಲ್ಲಿ ಗೆದ್ದರು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿಗೆ ಬಂದು 19ನೆಯವರಾದರು. ಕುಸ್ತಿಯಲ್ಲಿ ರಣಧೀರ್ ಶಿಂಧೆ ಪದಕಕ್ಕೆ ಒಂದೇ ಮೆಟ್ಟಿಲು ಕೆಳಗೆ, ನಾಲ್ಕನೇ ಸ್ಥಾನದಲ್ಲಿ ಉಳಿದರು. ತಂಡ ಬರಿಗೈಲಿ ಮರಳಿತು.

19 ಎಂಬ ಅಂಕಿ ಓದಿ ನಾನು ಮುಂದಕ್ಕೆ ಹೋಗಿಬಿಡುತ್ತಿದ್ದೆ. ಆದರೆ ಗಣಿತದ ಅಭ್ಯಾಸಕ್ಕೆಂದು ಇಟ್ಟಿದ್ದ ಹಾಳೆ ಮುಂದೆಯೇ ಇತ್ತು. ಲೆಕ್ಕ ಹಾಕಿದೆ. ಕಿಲೋಮೀಟರಿಗೆ ನಾಲ್ಕು ನಿಮಿಷ. ಅಂದರೆ ಪ್ರತಿ 1600 ಮೀಟರಿಗೆ ಸುಮಾರು 6 ನಿಮಿಷ 23 ಸೆಕೆಂಡು. ನಾನು ಒಮ್ಮೆ ಪಾಸಾಗಲಾರದ ಪರೀಕ್ಷೆಯನ್ನು ಆ ಬೆಳಗಾವಿಯವರು ನಿಲ್ಲದೆ ಇಪ್ಪತ್ತಾರು ಸಲ ಪಾಸಾಗುವಷ್ಟು ವೇಗದಲ್ಲಿ ಓಡಿದ್ದರು. ಹಾಗಿದ್ದೂ ಪಟ್ಟಿಯಲ್ಲಿ 19ನೆಯವರು.

ಅದೇ ಆಂಟ್‌ವರ್ಪ್‌ನಲ್ಲಿ ರಗ್ಬಿ ಆಟವೂ ಇತ್ತು. ಬಂದ ತಂಡಗಳು ಎರಡೇ, ಅಮೆರಿಕ ಮತ್ತು ಫ್ರಾನ್ಸ್. ಅಮೆರಿಕ 8–0ಯಿಂದ ಗೆದ್ದು ಚಿನ್ನ ಒಯ್ದಿತು. ಆಡಿದ ಒಂದೇ ಪಂದ್ಯ ಸೋತ ಫ್ರಾನ್ಸಿಗೆ ಬೆಳ್ಳಿ. ಅವರನ್ನು ಹಗುರ ಮಾಡಲು ಇದನ್ನು ಹೇಳುತ್ತಿಲ್ಲ. ಸ್ಥಾನ ಎಷ್ಟನೆಯದು ಎಂಬುದರ ಜೊತೆಗೆ ಎಷ್ಟು ಜನರ ನಡುವೆ, ಎಷ್ಟು ದೂರ ಎಂಬುದನ್ನೂ ಕೇಳಬೇಕು. ಕಟ್‌ಆಫ್ ಪಟ್ಟಿ ನೋಡಿ ಮಂಕಾಗುವ ನಮಗೆಲ್ಲ ಇದು ಗೊತ್ತಿರಲಿ.

ದೊರಾಬ್ಜಿ ಆ ಪಟ್ಟಿ ನೋಡಿ ಸಾಕು ಎನ್ನಲಿಲ್ಲ. 1924ರಲ್ಲಿ ಪ್ಯಾರಿಸ್‌ಗೆ ಮತ್ತೆ ತಂಡ ಹೋಯಿತು. ಅದೇ ವರ್ಷ ಅವರ ಉಕ್ಕಿನ ಕಂಪನಿ ಮುಳುಗುವ ಸ್ಥಿತಿಗೆ ಬಂದಿತ್ತು. ಸಂಬಳ ಕೊಡಲೂ ಹಣವಿಲ್ಲದಾದಾಗ ಸ್ವಂತ ಆಸ್ತಿಯನ್ನು, ಪತ್ನಿಯ ಒಡವೆಗಳ ಸಹಿತ, ಇಂಪೀರಿಯಲ್ ಬ್ಯಾಂಕಿನಲ್ಲಿ ಅಡವಿಟ್ಟು ಒಂದು ಕೋಟಿ ರೂಪಾಯಿ ಸಾಲ ತಂದರು. ಅದರಲ್ಲಿ 245 ಕ್ಯಾರಟ್‌ನ ಜುಬಿಲಿ ವಜ್ರವೂ ಇತ್ತು. ವಜ್ರಕ್ಕೂ ಬೆಂಡೋಲೆಗೂ ಹೋಲಿಕೆ ಇಲ್ಲ, ಗೊತ್ತು. ಆದರೂ ಆ ಸಾಲು ಓದಿದ ದಿನ ಅವ್ವನ ಬರಿಗಿವಿ ಕಣ್ಣ ಮುಂದೆ ಬಂತು.

ಕಂಪನಿ ಉಳಿಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿ ಅವರು ಮೊದಲ ಅಧ್ಯಕ್ಷರಾದರು. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಮ್ಮ ಹಾಕಿ ತಂಡ ಚಿನ್ನ ಗೆದ್ದಿತು. 1931ರಲ್ಲಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಕ್ಕಳಿರಲಿಲ್ಲ. ದೊರಾಬ್ಜಿ ಆ ಕಾಯಿಲೆಯ ಸಂಶೋಧನೆಗೆ ಪತ್ನಿಯ ಹೆಸರಿನಲ್ಲಿ ನಿಧಿ ಇಟ್ಟರು, ಉಳಿದ ಸಂಪತ್ತನ್ನು ಟ್ರಸ್ಟಿಗೆ ಬರೆದರು. ಮುಂಬೈಯ ಟಾಟಾ ಕ್ಯಾನ್ಸರ್ ಆಸ್ಪತ್ರೆ ಎದ್ದದ್ದು ಆ ಟ್ರಸ್ಟಿನಿಂದ. 1932ರ ಜೂನ್ 3ರಂದು ಜರ್ಮನಿಯಲ್ಲಿ ಅವರು ಕಣ್ಣು ಮುಚ್ಚಿದರು. ಇಂಗ್ಲೆಂಡಿನ ಬ್ರೂಕ್‌ವುಡ್‌ನಲ್ಲಿ ಪತ್ನಿಯ ಪಕ್ಕದಲ್ಲೇ ಮಣ್ಣಾದರು.

ನನಗೆ ಕೆಲಸ ಇನ್ನೂ ಸಿಕ್ಕಿಲ್ಲ. ವಯೋಮಿತಿಯೊಳಗೆ ಒಂದು ಅವಕಾಶ ಉಳಿದಿದೆ. ಬೆಳಿಗ್ಗೆ ಐದಕ್ಕೆ ಹರಪನಹಳ್ಳಿ ರಸ್ತೆಯಲ್ಲಿ ಮತ್ತೆ ಓಡುತ್ತಿದ್ದೇನೆ. ನನ್ನ ಹಿಂದೆ ಈಗ ಮೂವರು ಹುಡುಗರು, ಒಬ್ಬ ಹುಡುಗಿ ಬರುತ್ತಾರೆ. ಅವರು ಎಷ್ಟು ವೇಗ ಓಡುತ್ತಾರೆಂದು ಈತನಕ ಯಾರೂ ನೋಡಿರಲಿಲ್ಲ. ನನ್ನ ಓಟ ಮುಗಿದ ಮೇಲೆ ರಸ್ತೆ ಬದಿ ನಿಂತು ಮೊಬೈಲಿನಲ್ಲಿ ಅವರ ಸಮಯ ಹಿಡಿದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಹೋದ ಭಾನುವಾರ ನನ್ನದು 6 ನಿಮಿಷ 31 ಸೆಕೆಂಡು. ಬರಿಗಾಲಲ್ಲಿ ಓಡುವ ಅವರಲ್ಲೊಬ್ಬನದು 6 ನಿಮಿಷ 12. ಅವನಿಗೆ ಹೇಳಿದಾಗ ನಂಬಲಿಲ್ಲ. ಇನ್ನೊಮ್ಮೆ ಓಡುತ್ತೇನೆ, ನೋಡಣ್ಣ ಎಂದು ಹೊರಟೇಬಿಟ್ಟ.